ಜಾಂಗೋ 3.2ರಿಂದ ಹೊಸ ಪೈಥಾನ್‌ಗೆ: ಮೂರು ದಾರಿ ನೋಡಿದೆ, 4.2ರ ದಾರಿಯೇ ನನಗೆ ಒಗ್ಗಿತು

ಮೊದಲೇ ಹೇಳಿಬಿಡುತ್ತೇನೆ. ಪೈಥಾನ್ ಅಂದರೆ ಪ್ರೋಗ್ರಾಮಿಂಗ್ ಭಾಷೆ, ಜಾಂಗೋ ಅಂದರೆ ಅದರಲ್ಲಿ ವೆಬ್‌ಸೈಟು ಕಟ್ಟುವ ಚೌಕಟ್ಟು. ನಿಮ್ಮ ಸೈಟು ಜಾಂಗೋ 3.2 ಮತ್ತು ಪೈಥಾನ್ 3.8ರ ಮೇಲೆ ನಿಂತಿದ್ದರೆ, ಹಳೆ ಪೈಥಾನ್ ಮೇಲೆಯೇ ಮೊದಲು ಜಾಂಗೋ 4.2ಕ್ಕೆ ಹೋಗಿ. ಆಮೇಲೆ ಪೈಥಾನ್ ಬದಲಿಸಿ. ಕೊನೆಗೆ ಜಾಂಗೋ 5.2. ಉಳಿದ ಎರಡು ದಾರಿಯಲ್ಲೂ ಕೆಲಸ ಮಾಡಿ ನೋಡಿದ್ದೇನೆ. ಇನ್ನು ಮುಂದೆ ನಾನು ಹಿಡಿಯುವುದು ಇದನ್ನೇ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಒಂದೊಂದು ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನಾನು ನೋಡಿಕೊಳ್ಳುವುದು. ಎಷ್ಟು ಚೀಲ ಬಂತು, ಅದರಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಇವು ಅಡಿಕೆಯ ಬಗೆಗಳು), ಬೆಳೆಗಾರರಿಗೆ ಕೊಟ್ಟ ಮುಂಗಡ ಎಷ್ಟು ಅನ್ನುವ ಲೆಕ್ಕ. ಮೂರೂ ಉಬುಂಟು 20.04 ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತಿದ್ದವು. ಜಾಂಗೋ 3.2ಕ್ಕೆ ಬೆಂಬಲ, ಅಂದರೆ ಭದ್ರತೆಯ ತಿದ್ದುಪಡಿ ಬರುವುದು, 2024ರ ಏಪ್ರಿಲ್‌ಗೆ ಮುಗಿದಿತ್ತು, ಪೈಥಾನ್ 3.8ಕ್ಕೆ ಅದೇ ವರ್ಷ ಅಕ್ಟೋಬರ್‌ಗೆ. 2025ರ ಮೇ ತಿಂಗಳಲ್ಲಿ ಉಬುಂಟು 20.04ರ ಸಾಮಾನ್ಯ ಬೆಂಬಲವೂ ನಿಂತಿತು. ಬೆಳೆಗಾರರ ಬ್ಯಾಂಕ್ ಖಾತೆ ನಂಬರು ಇರುವ ಸೈಟನ್ನು ಹಾಗೇ ಬಿಡಲು ಆಗುತ್ತದಾ? ಮಳೆಗಾಲದಲ್ಲಿ ಮಂಡಿಗೆ ಆವಕ ಕಡಿಮೆ. ಕೊಯ್ಲು ಶುರುವಾದ ಮೇಲೆ ಸರ್ವರ್ ಮುಟ್ಟಲು ಯಾರೂ ಬಿಡುವುದಿಲ್ಲ. ಹಾಗಾಗಿ ಆ ಮಳೆಗಾಲದಲ್ಲೇ ಕೈ ಹಾಕಿದೆ.

ತೀರ್ಥಹಳ್ಳಿಯ ಮಂಡಿಗೆ ಡಾಕರ್, ಅಂದರೆ ಸಾಫ್ಟ್‌ವೇರನ್ನು ಕಂಟೇನರ್ ಅನ್ನುವ ಪೆಟ್ಟಿಗೆಯೊಳಗೆ ಬೇರೆಯಾಗಿ ಓಡಿಸುವ ವಿಧಾನ. ಹಳೆ ಪೈಥಾನ್, ಹಳೆ ಜಾಂಗೋ ಎರಡನ್ನೂ ಕಂಟೇನರ್ ಒಳಗೆ ಇಟ್ಟು, ಹೊರಗಿನ ಉಬುಂಟು ಮಾತ್ರ ಹೊಸದು ಮಾಡಿದೆ. ಬೇಗ ಆಯಿತು, ಕೋಡ್ ಮುಟ್ಟಲೇ ಇಲ್ಲ. ಆದರೆ ಒಳಗಿರುವುದು ಅದೇ ಬೆಂಬಲ ಮುಗಿದ ಪೈಥಾನ್, ಅದೇ ಬೆಂಬಲ ಮುಗಿದ ಜಾಂಗೋ. ಸ್ವಲ್ಪ ಸಮಯ ಸಿಕ್ಕಿತು, ಅಷ್ಟೇ. ಇನ್ನು ಕೆಲವೇ ತಿಂಗಳಲ್ಲಿ ಮುಚ್ಚುವ ಸೈಟಿಗೆ ಇದು ಸಾಕು.

ಸಾಗರದ ಮಂಡಿಗೆ ಒಂದೇ ನೆಗೆತ. ಅವರಿಗೆ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿ ಹಳೆ ಉಬುಂಟುವಿನ ಮಷೀನು ನಿಲ್ಲಿಸುತ್ತೇವೆ ಅಂತ ಗಡುವು ಕೊಟ್ಟಿತ್ತು. ಉಬುಂಟು 24.04, ಅದರ ಜೊತೆಗೇ ಬರುವ ಪೈಥಾನ್ 3.12, ಜಾಂಗೋ 5.2, ಎಲ್ಲ ಒಟ್ಟಿಗೆ. ಶುರುವಿನಲ್ಲಿ ಎರರ್‌ಗಳ ಸುರಿಮಳೆ. ಅನುವಾದಕ್ಕೆ ಬಳಸುತ್ತಿದ್ದ ಯುಗೆಟ್‌ಟೆಕ್ಸ್ಟ್ ಇಲ್ಲ, ಪುಟಗಳ ವಿಳಾಸ ಜೋಡಿಸುವ ಹಳೆ ಯುಆರ್‌ಎಲ್ ಫಂಕ್ಷನ್ ಇಲ್ಲ. ಇವೆರಡೂ ಜಾಂಗೋ 4.0ರಲ್ಲೇ ಹೋದವು. ಹಳೆಯ ಒಂದು ಪ್ಯಾಕೇಜು ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನುವ ಭಾಗ ಕೇಳುತ್ತಿತ್ತು, ಅದನ್ನು ತೆಗೆದುಹಾಕಿದ್ದು ಪೈಥಾನ್ 3.12. ಯಾವ ಎರರ್ ಜಾಂಗೋದ್ದು, ಯಾವುದು ಪೈಥಾನ್‌ದು ಅಂತ ಬಿಡಿಸುವುದರಲ್ಲೇ ತಲೆ ಕೆಡುತ್ತದೆ. ಆದರೂ ಕೂಗಿ ಹೇಳುವ ಎರರ್ ಒಳ್ಳೆಯದೇ, ಸರಿ ಮಾಡಬಹುದು.

ಕಾಡಿದ್ದು ಸದ್ದಿಲ್ಲದೆ ಬಂದದ್ದು. ಸೈಟು ಎದ್ದಿತು, ಟೆಸ್ಟ್‌ಗಳು ಪಾಸಾದವು, ಲೆಕ್ಕ ತಾಳೆಯಾಯಿತು. ಎರಡು ದಿನ ಬಿಟ್ಟು ಮಂಡಿಯ ಗುಮಾಸ್ತರ ಫೋನು: "ಸಾರ್, ಬಿಲ್ಲು ಎರಡೆರಡು ಹಾಳೆ ಬರ್ತಿದೆ." ಪ್ರಿಂಟರ್ ನೋಡಿಸಿದೆ, ಬ್ರೌಸರ್ ಬದಲಿಸಿ ನೋಡಿಸಿದೆ. ಎರಡರಲ್ಲೂ ಏನೂ ತೊಂದರೆ ಇಲ್ಲ. ಬಿಲ್ಲಿನ ಫೋಟೋ ಕಳಿಸಿದ ಮೇಲೆ ಗೊತ್ತಾಯಿತು. 12-07-2025 ಅಂತ ಬರಬೇಕಾದ ಕಡೆ 12 ಜುಲೈ 2025 ಅಂತ ಬರುತ್ತಿದೆ. ತಾರೀಖಿನ ಕಾಲಂ ಸಣ್ಣದು. ಅಲ್ಲಿ ಪ್ರತಿ ಸಾಲೂ ಮುರಿದು ಎರಡಾಗಿ, ಎ5 ಹಾಳೆ ಸಾಲದೆ ಬಿಲ್ಲು ಮುಂದಿನ ಪುಟಕ್ಕೆ ಹೋಗಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಲೆಕ್ಕಪರಿಶೋಧಕರಿಗೆ ಕಳಿಸುವ ಫೈಲು. ಅದರ ತಾರೀಖನ್ನು ಅವರ ಸಾಫ್ಟ್‌ವೇರ್ ಓದಲೇ ಇಲ್ಲ.

ಕಾರಣ ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ತಾರೀಖು, ಅಂಕೆಗಳನ್ನು ಆಯಾ ಭಾಷೆಯ ರೂಢಿಯಂತೆ ತೋರಿಸಬೇಕಾ ಅಂತ ಹೇಳುವ ಯೂಸ್-ಎಲ್10ಎನ್ ಅನ್ನುವುದು ಫಾಲ್ಸ್ (ಬೇಡ) ಅಂತ ಇತ್ತು, ತಾರೀಖಿನ ನಮೂನೆಯನ್ನು ನಾವೇ ಬರೆದಿದ್ದೆವು. ಆ ಸೆಟ್ಟಿಂಗನ್ನು ಜಾಂಗೋ 5.0 ಪೂರ್ತಿ ತೆಗೆದಿದೆ. ಈಗ ಅದನ್ನು ಯಾರೂ ಓದುವುದಿಲ್ಲ, ಇದೆ ಅಂತ ಎರರ್ ಕೂಡ ಕೊಡುವುದಿಲ್ಲ. ಭಾಷೆ ಕನ್ನಡ ಅಂತ ಇದ್ದರೆ ಜಾಂಗೋ ತನ್ನೊಳಗಿನ ಕನ್ನಡದ ನಮೂನೆಯನ್ನೇ ಬಳಸುತ್ತದೆ. ಅದರಲ್ಲಿ ತಿಂಗಳ ಹೆಸರು ಪೂರ್ತಿ ಬರುತ್ತದೆ. ಇಂಗ್ಲಿಷ್ ಸೈಟಿನವರಿಗೂ ಇದು ತಟ್ಟಬಹುದು, ಆದರೆ ಕನ್ನಡದಲ್ಲಿ ಬಿಲ್ಲು ಹೊಡೆಯುವವರು ಖಂಡಿತ ನೋಡಿಕೊಳ್ಳಬೇಕು.

ಪರಿಹಾರ ಸುಲಭ. ನಮ್ಮದೇ ಒಂದು ಫಾರ್ಮ್ಯಾಟ್ಸ್ ಫೈಲು ಬರೆದು, ಫಾರ್ಮ್ಯಾಟ್-ಮಾಡ್ಯೂಲ್-ಪಾತ್ ಅನ್ನುವ ಸೆಟ್ಟಿಂಗ್‌ನಲ್ಲಿ ಅದನ್ನು ತೋರಿಸಿದರೆ ಆಯಿತು. ನನಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ಯೂಸ್-ಎಲ್10ಎನ್ 5.0ರಲ್ಲಿ ಹೋಗುತ್ತದೆ ಅಂತ 4.0ರಿಂದ 4.2ರವರೆಗಿನ ಜಾಂಗೋ ಎಚ್ಚರಿಕೆ ಕೊಡುತ್ತದೆ. ನೇರ 5.2ಕ್ಕೆ ನೆಗೆದರೆ ಆ ಎಚ್ಚರಿಕೆ ಇರುವ ಜಾಗವನ್ನೇ ದಾಟಿ ಹೋಗುತ್ತೇವೆ.

ಶಿವಮೊಗ್ಗದ ಮಂಡಿಗೆ ಮಾಡಿದ್ದು ಮೂರನೆಯ ದಾರಿ. ಜಾಂಗೋ 4.2 ಪೈಥಾನ್ 3.8ರ ಮೇಲೂ ನಿಲ್ಲುತ್ತದೆ, 4.2.8ರಿಂದ ಮುಂದಿನದು 3.12ರ ಮೇಲೂ ನಿಲ್ಲುತ್ತದೆ. ಹಳ್ಳದ ಎರಡೂ ದಡಕ್ಕೆ ಮುಟ್ಟುವ ಕಾಲುಸಂಕ ಇದ್ದ ಹಾಗೆ. ಹಳೆ ಸರ್ವರ್‌ನ ಡೇಟಾಬೇಸು ಪೋಸ್ಟ್‌ಗ್ರೆಸ್ 12 ಕೂಡ 4.2ಕ್ಕೆ ನಡೆಯುತ್ತದೆ. 5.2 ಆದರೆ ಕನಿಷ್ಠ 14 ಕೇಳುತ್ತದೆ.

ಮೊದಲ ಹಂತದಲ್ಲಿ ಬಂದದ್ದೆಲ್ಲ ಜಾಂಗೋದ ತಕರಾರು, ಪೈಥಾನ್ ಮೇಲೆ ಅನುಮಾನ ಪಡುವ ಹಾಗೇ ಇಲ್ಲ. ಫಾರ್ಮ್ ಕಳಿಸಿದರೆ 403, ಅಂದರೆ ಅನುಮತಿ ಇಲ್ಲ ಅನ್ನುವ ಎರರ್, ಬಂತು. ಸಿಎಸ್‌ಆರ್‌ಎಫ್ (ಬೇರೆ ಸೈಟಿನಿಂದ ಬರುವ ಕಳ್ಳ ಫಾರ್ಮ್ ತಡೆಯುವ ವ್ಯವಸ್ಥೆ) ನಂಬಿಕೆಯ ಪಟ್ಟಿಯಲ್ಲಿ ಸೈಟಿನ ಹೆಸರಿನ ಮುಂದೆ ಎಚ್‌ಟಿಟಿಪಿಎಸ್ ಸೇರಿಸಿದೆ, ಸರಿಹೋಯಿತು. ಆಮೇಲೆ ಎಲ್ಲ ಎಚ್ಚರಿಕೆ ತೋರಿಸು ಅನ್ನುವ ಮೈನಸ್ ಡಬ್ಲ್ಯೂ-ಎ ಆಯ್ಕೆ ಕೊಟ್ಟು ಟೆಸ್ಟ್ ಓಡಿಸಿದೆ. ತಾರೀಖಿನ ಎಚ್ಚರಿಕೆ ಪರದೆ ಮೇಲೆ ಬಂತು, ಟೈಮ್‌ಝೋನ್ ಲೆಕ್ಕದ ಹಳೆ ಪ್ಯಾಕೇಜು ಪೈಟಿಝಡ್ ಬಿಡಿ ಅನ್ನುವ ಎಚ್ಚರಿಕೆಯೂ ಬಂತು. ಎರಡನ್ನೂ ಅಲ್ಲೇ ಮುಗಿಸಿದೆ.

ಎರಡನೆಯ ಹಂತ, ಅದೇ 4.2ನ್ನು ಹೊಸ ಸರ್ವರ್‌ನ ಪೈಥಾನ್ 3.12ಕ್ಕೆ ಒಯ್ಯುವುದು. ಇಲ್ಲಿ ತೊಡಕಾಗಿ ಸಿಕ್ಕಿದ್ದು ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೋಪಿಜಿ2 ಒಂದೇ. ಹಳೆ ಆವೃತ್ತಿಗೆ 3.12ರ ರೆಡಿ ಪ್ಯಾಕೇಜು ಇಲ್ಲ, ಅಲ್ಲೇ ಕಂಪೈಲ್ ಮಾಡಲು ಹೋಗಿ ಸೋಲುತ್ತದೆ. 2.9.9 ಹಾಕಿದರೆ ಸುಮ್ನೆ ಕೂರುತ್ತದೆ. 5.2ರ ಹಂತದ ಬಗ್ಗೆ ಹೇಳಲು ಏನೂ ಇಲ್ಲ, ಒಂದು ಸಂಜೆಯ ಕೆಲಸ.

ವೇಗ? ಹೊಸ ಪೈಥಾನ್ ವೇಗವಾಗಿದೆ ನಿಜ. ನಮ್ಮಂಥ ಲೆಕ್ಕದ ಸೈಟು ಕಾಯುವುದು ಡೇಟಾಬೇಸಿಗೆ, ಹಾಗಾಗಿ ಮಂಡಿಯವರಿಗೆ ವ್ಯತ್ಯಾಸ ಕಾಣಲಿಲ್ಲ.

ಖರ್ಚು ಈ ದಾರಿಯಲ್ಲಿ ಸ್ವಲ್ಪ ಜಾಸ್ತಿ ಸಮಯ, ಮತ್ತು ಸ್ವಲ್ಪ ದಿನ ಎರಡು ಸರ್ವರ್ ಬಾಡಿಗೆ. ನನಗೆ ಅದು ದುಬಾರಿ ಅನ್ನಿಸಲಿಲ್ಲ. ನಾನು ಒಬ್ಬನೇ ಕೆಲಸ ಮಾಡುವವನು, ಮಂಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಕೂರುವವನು. ಜುಲೈನಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಹಂತ ಹಂತದ ದಾರಿಯಲ್ಲಿ ಯಾವ ಹಂತದಲ್ಲಿ ನಿಂತರೂ ಸೈಟು ಓಡುತ್ತಿರುತ್ತದೆ. ಬೆಳಿಗ್ಗೆ ಮಂಡಿ ತೆರೆದಾಗ ಬಿಲ್ಲು ಬರುತ್ತದೆ. ನೆಗೆತದಲ್ಲಿ ಅರ್ಧಕ್ಕೆ ನಿಲ್ಲಲು ಜಾಗವೇ ಇಲ್ಲ. ನಿಮ್ಮ ಜೊತೆ ನಾಲ್ಕು ಜನ ಇದ್ದರೆ, ಪುಟ್ಟ ಸೈಟಾದರೆ, ನೆಗೆಯಿರಿ, ಪರವಾಗಿಲ್ಲ.

5.2ಕ್ಕೆ ಬೆಂಬಲ 2028ರ ಏಪ್ರಿಲ್‌ವರೆಗೆ ಇದೆ, ಅಲ್ಲಿಯವರೆಗೆ ಶಿವಮೊಗ್ಗದವರ ಚಿಂತೆ ಇಲ್ಲ. ತೀರ್ಥಹಳ್ಳಿಯವರ ಜೊತೆ ಮಾತಾಡಿದ್ದೇನೆ. ಮುಂದಿನ ಕೊಯ್ಲಿನ ಆವಕ ಶುರುವಾಗುವ ಮೊದಲು ಅವರನ್ನೂ ಕಂಟೇನರ್‌ನಿಂದ ತೆಗೆದು 4.2ಕ್ಕೆ ತರುತ್ತೇನೆ.