ಬಣ್ಣದ ನೀರಿಗೆ ಕ್ಯಾಟಲಿಸ್ಟ್ ಟ್ಯಾಂಕ್: ಕೆಸರು ಕಮ್ಮಿ, ನಿಗಾ ಜಾಸ್ತಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಜೋಡಿಸಿ ಕೊಡುವ 1,000 ಲೀಟರಿನ ಈ ಟ್ಯಾಂಕ್, ಬಣ್ಣ ಹಾಕಿ ಉಳಿದ ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಆಕ್ಸೈಡ್ ಅಂಟಿಸಿದ ಹರಳುಗಳಿಂದ (ಕ್ರಿಯೆ ಚುರುಕಾಗಿಸುವ ಇವೇ ಕ್ಯಾಟಲಿಸ್ಟ್) ತಿಳಿಗೊಳಿಸುತ್ತದೆ. ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕಗಳಿಗೆ ಇದು ಒಳ್ಳೆಯ ಆಯ್ಕೆ. ಆದರೆ ಅಂಟು ತೆಗೆದ ಸೋಪು ನೀರನ್ನೂ ಇದಕ್ಕೇ ಬಿಡುವುದಾದರೆ ದುಡ್ಡು ದಂಡ. ಅದರಲ್ಲಿರುವ ಸೆರಿಸಿನ್ (ರೇಷ್ಮೆಯ ಅಂಟು) ಪೆರಾಕ್ಸೈಡನ್ನೆಲ್ಲ ತಿಂದುಹಾಕುತ್ತದೆ, ಬಣ್ಣ ಹಾಗೇ ಉಳಿಯುತ್ತದೆ.

ಮಾಮೂಲಿ ಫೆಂಟನ್ ವಿಧಾನದ, ಅಂದರೆ ಪೆರಾಕ್ಸೈಡ್ ಜತೆ ಕಬ್ಬಿಣದ ಲವಣವನ್ನು ನೀರಿಗೇ ಹಾಕುವ ವಿಧಾನದ ಲೆಕ್ಕ ನೋಡಿ. ಲೀಟರಿಗೆ 600 ಮಿ.ಗ್ರಾಂ ಸಿಓಡಿ (ನೀರಿನ ಕೊಳೆಯನ್ನು ಆಕ್ಸಿಡೀಕರಿಸಲು ಬೇಕಾದ ಆಮ್ಲಜನಕದ ಅಳತೆ) ಇರುವ ಸಾವಿರ ಲೀಟರ್ ನೀರಿಗೆ ಶೇ 50ರ ಪೆರಾಕ್ಸೈಡ್ ಸುಮಾರು 2.1 ಲೀಟರ್ ಬೇಕು, ಜತೆಗೆ ಅನ್ನಭೇದಿ (ಫೆರಸ್ ಸಲ್ಫೇಟ್) 600 ಗ್ರಾಂ ಮೇಲೆ. ಕೊನೆಗೆ ಸುಣ್ಣ ಹಾಕಿದಾಗ ಆ ಕಬ್ಬಿಣವೆಲ್ಲ ತುಕ್ಕುಬಣ್ಣದ ಕೆಸರಾಗಿ ಕೂರುತ್ತದೆ. ಅದನ್ನು ಸಾಗಿಸುವುದೇ ದೊಡ್ಡ ತಲೆನೋವು. ಈ ಟ್ಯಾಂಕಿನಲ್ಲಾದರೆ ಕಬ್ಬಿಣದ ಆಕ್ಸೈಡ್, ಹರಳುಗಳಿಗೇ ಅಂಟಿಕೊಂಡಿರುವುದರಿಂದ ಕೆಸರು ತೀರಾ ಕಡಿಮೆ. ಪೆರಾಕ್ಸೈಡ್ ಮಾತ್ರ ಅಷ್ಟೇ ಬೇಕು, ಆ ಖರ್ಚು ಇಳಿಯುವುದಿಲ್ಲ.

ಬಣ್ಣದ ನೀರು 40 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ತುಂಬಿಸಿ. ಬಿಸಿ ಹೆಚ್ಚಿದ್ದರೆ ಪೆರಾಕ್ಸೈಡ್ ಕೆಲಸ ಮಾಡದೆ ಬರೀ ಆಮ್ಲಜನಕವಾಗಿ ಹಾರಿಹೋಗುತ್ತದೆ. ನೂಲಿನ ಎಳೆಗಳನ್ನು ಬಟ್ಟೆಯಲ್ಲಿ ಸೋಸದಿದ್ದರೆ ಒಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸಲು ಸಲ್ಫ್ಯೂರಿಕ್ ಆಮ್ಲವೇ ಆಗಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ಕ್ಲೋರೈಡ್ ಕ್ರಿಯೆಗೆ ಅಡ್ಡ ಬರುತ್ತದೆ. ಪಿಎಚ್ 3ಕ್ಕಿಂತ ಕೆಳಗೆ ಹೋದರೆ ಹರಳಿನ ಕಬ್ಬಿಣವೇ ಕರಗಿ, ಮತ್ತೆ ಅದೇ ಕೆಸರು. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದರೆ ಆಮ್ಲ ಜಾಸ್ತಿ ಹಿಡಿಯುತ್ತದೆ. ಪೆರಾಕ್ಸೈಡನ್ನು ಒಂದೇ ಸಲ ಸುರಿಯಬೇಡಿ, ನಾಲ್ಕೈದು ಕಂತಿನಲ್ಲಿ ಹಾಕಿ. ಹರಳುಗಳ ಸುತ್ತ ಸಣ್ಣ ಗುಳ್ಳೆ ಏಳುತ್ತವೆ, ರಾಣಿ ಬಣ್ಣದ ನೀರು ಕ್ರಮೇಣ ತೆಳು ಹಳದಿಗೆ ತಿರುಗುತ್ತದೆ.

ಬಣ್ಣ ಹೋಯಿತೆಂದು ನಂಬಿ ಮೋರಿಗೆ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಬಣ್ಣದ ಅಣು ತುಂಡಾಗಿರುತ್ತದೆ ಅಷ್ಟೆ, ಸಿಓಡಿ ಲೀಟರಿಗೆ 250 ಮಿ.ಗ್ರಾಂಗಿಂತ ಕೆಳಗೆ ಬಂದಿರಬೇಕೆಂದೇನಿಲ್ಲ. ಉಳಿದ ಪೆರಾಕ್ಸೈಡ್ ಪರೀಕ್ಷೆಯಲ್ಲಿ ಸಿಓಡಿಯನ್ನು ಸುಳ್ಳೇ ಹೆಚ್ಚಿಸಿ ತೋರಿಸುವುದರಿಂದ, ಮೊದಲು ಪೆರಾಕ್ಸೈಡ್ ಪರೀಕ್ಷೆಯ ಸ್ಟ್ರಿಪ್ ಅದ್ದಿ, ಅದು ಉಳಿದಿಲ್ಲವೆಂದು ನೋಡಿ, ಆಮೇಲೆ ಸ್ಯಾಂಪಲ್ ಲ್ಯಾಬಿಗೆ ಕಳಿಸಿ.

ಈ ಟ್ಯಾಂಕಿನ ದೊಡ್ಡ ಕೊರತೆ ಮುಚ್ಚಳ. ಗಾಳಿ ಹೋಗಲು ಕೊಟ್ಟಿರುವ ದಾರಿ ತೀರಾ ಚಿಕ್ಕದು. ಗಟ್ಟಿಯಾಗಿ ಮುಚ್ಚಿದರೆ ಅನಿಲದ ಒತ್ತಡ ಏರುತ್ತದೆ. ದೊಡ್ಡ ವೆಂಟ್ ಹಾಕಿಸಿಕೊಂಡೇ ತೆಗೆದುಕೊಳ್ಳಿ. ಅದಕ್ಕೂ ಮುಂಚೆ ನಿಮ್ಮದೇ ಬಣ್ಣದ ನೀರು 20 ಲೀಟರ್ ಕೊಟ್ಟು ಟ್ರಯಲ್ ಮಾಡಿಸಿ. ಹರಳು ಸವೆದಾಗ ಬದಲಿಸುವ ದರವನ್ನೂ ಬರವಣಿಗೆಯಲ್ಲಿ ಪಡೆಯಿರಿ.