ಒಂದು ಕೆ.ಜಿ. ಹಂದಿಮಾಂಸ, ನಾಲ್ಕು ದೇಶದ ಅಡುಗೆ: ಕೊಡಗಿನ ಒಲೆಗೆ ಯಾವುದು ಒಗ್ಗುತ್ತದೆ?

ಹೊರದೇಶದ ಅಡುಗೆ ಮನೆಯಲ್ಲಿ ಮಾಡೋಣ ಎಂದ ತಕ್ಷಣ ಪಾಸ್ತಾ, ಪಿಜ್ಜಾ ಕಡೆಗೇ ಮನಸ್ಸು ಓಡುತ್ತದೆ. ಚೀಸ್, ಕ್ರೀಮ್, ಆಲಿವ್ ಎಣ್ಣೆ ಎಂದು ಪಟ್ಟಿ ಬೆಳೆಯುತ್ತದೆ, ಅರ್ಧ ಸಾಮಾನು ಮೈಸೂರಿನಿಂದ ತರಬೇಕಾಗುತ್ತದೆ. ಅದರ ಬದಲು ಇಲ್ಲಿ ಚೆನ್ನಾಗಿ ಸಿಗುವುದರಿಂದಲೇ ಶುರು ಮಾಡಬಹುದು. ಕೂದಲು ಸುಟ್ಟು, ಚರ್ಮ ಕೆರೆದು, ನೆಣ ಸಮೇತ ಕತ್ತರಿಸಿದ ಹಂದಿಮಾಂಸ ಕೊಡಗಿನಲ್ಲಿ ಸಿಗುವ ಹಾಗೆ ಎಲ್ಲ ಕಡೆ ಸಿಗುವುದಿಲ್ಲ. ಫಿಲಿಪ್ಪೀನ್ಸ್‌ನ ಅಡೋಬೊ, ಮೆಕ್ಸಿಕೊದ ಕಾರ್ನಿತಾಸ್, ಚೀನಾದ ಹೊಂಗ್ ಶಾವ್ ರೋ, ಹಂಗೆರಿಯ ಪೊರ್ಕೊಲ್ಟ್, ನಾಲ್ಕಕ್ಕೂ ಬೇಕಿರುವುದು ಇಂಥದ್ದೇ ಮಾಂಸ. ಒಂದೊಂದನ್ನೂ ಒಂದು ಕೆ.ಜಿ. ಲೆಕ್ಕದಲ್ಲಿ, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಒಂದು ಸಲ, ಕುಕ್ಕರಿನಲ್ಲಿ ಒಂದು ಸಲ ಮಾಡಿ ನೋಡಿ ಈ ಹೋಲಿಕೆ.

ಮಾಡಿ ನೋಡಿದ ಮೇಲೆ ಸ್ಪಷ್ಟವಾದದ್ದು ಇಷ್ಟು: ಈ ನಾಲ್ಕರ ವ್ಯತ್ಯಾಸ ಮಸಾಲೆಯಲ್ಲಿಲ್ಲ, ನೀರಿನಲ್ಲಿದೆ. ಎಷ್ಟು ನೀರು ಹಾಕುತ್ತೀರಿ, ಅದನ್ನು ಯಾವಾಗ ಇಂಗಿಸುತ್ತೀರಿ, ಬಿಟ್ಟುಕೊಂಡ ನೆಣವನ್ನು ಕೊನೆಗೆ ಏನು ಮಾಡುತ್ತೀರಿ ಎಂಬುದರ ಮೇಲೆ ಗೆಲುವು, ಸೋಲು ನಿಂತಿದೆ. ಕೊಡಗಿನ ಹಂದಿಮಾಂಸದ ಅಡುಗೆ ಪಂದಿಕರಿ ಮಾಡಿ ಕೈ ಪಳಗಿದವರು ಎಡವುವುದೂ ಇಲ್ಲೇ.

ಶುರು ಮಾಡುವ ಮೊದಲು ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕದಲ್ಲಿ ಒಂದು ಗಂಟೆ ಎಂದಿದ್ದರೆ ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಜಾಸ್ತಿ ಹಿಡಿಯಿರಿ. ಕೆಳಗೆ ಕೊಟ್ಟ ಸಮಯ ಇಲ್ಲಿನ ಲೆಕ್ಕದ್ದು. ಚರ್ಮಕ್ಕೆ ಕಡ್ಡಿ ಚುಚ್ಚಿದಾಗ ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ, ಗಡಿಯಾರ ಏನೇ ಹೇಳಲಿ.

ಅಡೋಬೊ

ಒಂದು ಕೆ.ಜಿ. ಮಾಂಸವನ್ನು ನಾಲ್ಕು ಸೆಂಟಿಮೀಟರ್ ತುಂಡು ಮಾಡಿ. ಮೂರು ಪಾಲು ಮಾಂಸಕ್ಕೆ ಒಂದು ಪಾಲು ನೆಣ ಇರಲಿ. ಅದಕ್ಕೆ 120 ಮಿ.ಲೀ. ವಿನೆಗರ್, 80 ಮಿ.ಲೀ. ತೆಳು ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ ಒಂದು ಇಡೀ ಗೆಡ್ಡೆ, ಇಡಿ ಕರಿಮೆಣಸು ಒಂದೂವರೆ ಚಮಚ, 250 ಮಿ.ಲೀ. ನೀರು. ಉಪ್ಪು ಹಾಕಬೇಡಿ. ಅವರು ಹಾಕುವ ಬೇ ಎಲೆ ನಮ್ಮ ಪಲಾವ್ ಎಲೆಯಲ್ಲ, ಬೇರೆಯೇ ಮರದ್ದು. ಪಲಾವ್ ಎಲೆಗೆ ಚಕ್ಕೆಯ ವಾಸನೆ ಇರುವುದರಿಂದ ಒಂದು ಸಾಕು, ಮೂರು ಹಾಕಿದರೆ ಪಾತ್ರೆಯಿಂದ ಬಿರಿಯಾನಿ ಪರಿಮಳ ಏಳುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಾಕಿ, ಮುಚ್ಚಳ ತೆಗೆದಿಟ್ಟು, ಹತ್ತು ನಿಮಿಷ ಜೋರಾಗಿ ಕುದಿಸಿ. ಅಲ್ಲಿಯವರೆಗೆ ಸೌಟು ಹಾಕಬೇಡಿ ಎನ್ನುವುದು ಫಿಲಿಪ್ಪೀನ್ಸ್‌ನ ಮನೆಗಳ ಹಳೆಯ ಕಟ್ಟಳೆ. ಸೌಟಿಗಿಂತ ಮುಚ್ಚಳದ್ದೇ ಮುಖ್ಯ ಸಂಗತಿ: ವಿನೆಗರಿನ ಘಾಟು ಆವಿಯ ಜೊತೆ ಹೊರಗೆ ಹೋಗಬೇಕು. ಆಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆ. ಬೆಂದ ತುಂಡುಗಳನ್ನು ಬೇರೆ ತೆಗೆದು, ರಸವನ್ನು ಅರ್ಧಕ್ಕೆ ಇಳಿಸಿ. ಮೇಲೆ ತೇಲುವ ಎರಡು ಚಮಚ ನೆಣದಲ್ಲೇ ತುಂಡುಗಳನ್ನು ಬಾಣಲೆಯಲ್ಲಿ ಕಂದಾಗುವಷ್ಟು ಹುರಿದು, ರಸ ಮತ್ತೆ ಸುರಿಯಿರಿ.

ಕುಕ್ಕರಿನಲ್ಲಿ ಶುರುವಿನಿಂದಲೇ ಮುಚ್ಚಿದರೆ ನಾಲ್ಕೈದು ಕೂಗಿಗೆ ಮಾಂಸವೇನೋ ಬೇಯುತ್ತದೆ, ಆದರೆ ಘಾಟೆಲ್ಲ ಒಳಗೇ ಉಳಿದು ಮೊದಲ ತುತ್ತಿಗೇ ಮೂಗಿಗೆ ಹೊಡೆಯುತ್ತದೆ. ಮುಚ್ಚಳ ಹಾಕುವ ಮೊದಲು ಆ ಹತ್ತು ನಿಮಿಷ ತೆರೆದು ಕುದಿಸಿದರೆ ಕುಕ್ಕರಿಗೂ ತೊಂದರೆಯಿಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ. ಅಂಗಡಿಯ ಬಾಟಲಿಯ ಮೇಲೆ ಸಿಂಥೆಟಿಕ್ ವಿನೆಗರ್ ಎಂದಿದ್ದರೆ 90 ಮಿ.ಲೀ.ಗೆ ಇಳಿಸಿ, ಒಂದು ಚಮಚ ಬೆಲ್ಲ ಸೇರಿಸಿ. ತೆಂಗಿನ ವಿನೆಗರ್ ಸಿಕ್ಕರೆ ಅದೇ ಸರಿ, ಅಲ್ಲಿಯವರು ಬಳಸುವುದೂ ತೆಂಗಿನದು, ಕಬ್ಬಿನದು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ವಿನೆಗರ್ ಬದಲು ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಇಳಿಸಿದ ನಮ್ಮ ಕಪ್ಪು ಹುಳಿ, ಆಗುವುದಿಲ್ಲವೇ? ಆಗುತ್ತದೆ, ಆದರೆ ಅದೇ ಕ್ರಮದಲ್ಲಿ ಅಲ್ಲ. ಕಾಚಂಪುಳಿಯ ಹುಳಿ ಆವಿಯಾಗಿ ಹೋಗುವ ಜಾತಿಯದ್ದಲ್ಲ. ಎಷ್ಟು ಕುದಿಸಿದರೂ ಅಲ್ಲೇ ಇರುತ್ತದೆ, ನೀರು ಇಂಗಿದಂತೆ ಇನ್ನಷ್ಟು ಚುರುಕಾಗುತ್ತದೆ. ಪಂದಿಕರಿಗೆ ಅದನ್ನು ಕೊನೆಯಲ್ಲಿ ಹಾಕುವ ಹಾಗೆಯೇ ಇಲ್ಲಿಯೂ ಇಳಿಸುವ ಐದು ನಿಮಿಷ ಮೊದಲು ಒಂದೂವರೆ ಚಮಚ ಹಾಕಿ. ಜೊತೆಗೆ ಸೋಯಾ ಬೇಡವೇ ಬೇಡ. ಎರಡೂ ಕಪ್ಪು, ಎರಡೂ ಗಾಢ, ಒಂದನ್ನೊಂದು ನುಂಗುತ್ತವೆ. ಸೋಯಾ ಬಿಟ್ಟು ಎರಡು ಚಮಚ ಉಪ್ಪಿನಲ್ಲೇ ಮಾಡುವ ಬಿಳಿ ಅಡೋಬೊ ಅಲ್ಲಿ ಇದ್ದೇ ಇದೆ. ಅದಕ್ಕೆ ಕಾಚಂಪುಳಿ ಚೆನ್ನಾಗಿ ಕೂಡುತ್ತದೆ, ಬಿಳಿ ಮಾತ್ರ ಉಳಿಯುವುದಿಲ್ಲ.

ಕಾರ್ನಿತಾಸ್

ಇದು ಮೆಕ್ಸಿಕೊದ ಮಿಚೊಆಕಾನ್ ಸೀಮೆಯದು. ಅಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಕರಗಿದ ನೆಣದೊಳಗೆ ಮಾಂಸವನ್ನು ಮುಳುಗಿಸಿಯೇ ಬೇಯಿಸುತ್ತಾರೆ. ಮನೆಗೆ ಅಷ್ಟು ನೆಣ ಬೇಡ, ಮಾಂಸ ತನ್ನ ನೆಣವನ್ನು ತಾನೇ ಬಿಟ್ಟುಕೊಳ್ಳುವಂತೆ ಮಾಡಿದರೆ ಸಾಕು.

ಮುಂಗಾಲಿನ ಮೇಲ್ಭಾಗದ ಮಾಂಸ ಒಂದು ಕೆ.ಜಿ., ಆರು ಸೆಂಟಿಮೀಟರ್‌ನ ದೊಡ್ಡ ತುಂಡು. ಉಪ್ಪು 15 ಗ್ರಾಂ, ನೀರು 400 ಮಿ.ಲೀ., ಬೇರೆ ನೆಣ ಇದ್ದರೆ 100 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಎರಡು ಕೊಡಗಿನ ಕಿತ್ತಳೆಯ ರಸ. ಕಿತ್ತಳೆ ಸಿಪ್ಪೆಯ ಒಂದು ಚೂರನ್ನೂ ಹಾಕಬಹುದು. ನಮ್ಮ ಕಿತ್ತಳೆಯ ಸಿಪ್ಪೆಯಲ್ಲಿ ಎಣ್ಣೆಯ ಪರಿಮಳ ಜೋರು, ಆದರೆ ಇಪ್ಪತ್ತು ನಿಮಿಷಕ್ಕೆ ತೆಗೆದುಬಿಡಿ. ಕೊನೆವರೆಗೆ ಬಿಟ್ಟರೆ ಇಡೀ ಪಾತ್ರೆ ಕಹಿ.

ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ನಂತರ ಮುಚ್ಚಳ ತೆಗೆದು ಉರಿ ಹೆಚ್ಚಿಸಿ. ಇಲ್ಲಿಂದ ಕಿವಿಗೆ ಕೆಲಸ. ಮೊದಲು ಗುಳುಗುಳು ಎಂದು ದೊಡ್ಡ ಗುಳ್ಳೆ ಏಳುತ್ತವೆ, ರಸ ಹಾಲು ಬೆರೆಸಿದಂತೆ ಮಬ್ಬಾಗಿರುತ್ತದೆ. ಹದಿನೈದು ನಿಮಿಷದಲ್ಲಿ ಗುಳ್ಳೆ ಸಣ್ಣಗಾಗಿ, ಸದ್ದು ಚುರುಚುರು ಎಂದು ಬದಲಾಗಿ, ಮಬ್ಬು ಹೋಗಿ ನೆಣ ತಿಳಿಯಾಗುತ್ತದೆ. ನೀರು ಮುಗಿಯಿತು ಎಂದರ್ಥ. ನೀರಿರುವ ತನಕ ಅದು ಕುದಿಯುವ ಬಿಸಿಯನ್ನು ಮಾಂಸ ದಾಟುವುದಿಲ್ಲ, ಕೆಂಪೂ ಆಗುವುದಿಲ್ಲ. ನೀರು ಹೋದ ಕ್ಷಣದಿಂದ ಬಿಸಿ ಸರಸರನೆ ಏರುತ್ತದೆ. ಆಗಲೇ ಉರಿಯನ್ನು ಪೂರಾ ಸಣ್ಣದು ಮಾಡಬೇಕು, ಏಕೆಂದರೆ ಕಿತ್ತಳೆಯ ಸಕ್ಕರೆ ತಳದಲ್ಲಿ ಕೂತಿರುತ್ತದೆ, ಎರಡು ನಿಮಿಷ ಮೈಮರೆತರೆ ಕರಕಲು. ಹತ್ತು ಹನ್ನೆರಡು ನಿಮಿಷ ನಿಧಾನವಾಗಿ ಮಗುಚುತ್ತಿದ್ದರೆ ಹೊರಗೆ ಗರಿ, ಒಳಗೆ ಎಳೆಎಳೆ.

ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ನೆಣ ಬೇಡ ಎಂದು ಬರೀ ಕೆಂಪು ಮಾಂಸ ತಂದರೆ ಕೊನೆಯ ಹಂತಕ್ಕೆ ಏನೂ ಉಳಿಯದೆ ತುಂಡು ನಾರಾಗುತ್ತದೆ. ಸಣ್ಣಗೆ ಕತ್ತರಿಸಿದರೆ ಮಗುಚುವಾಗಲೇ ಪುಡಿಯಾಗುತ್ತದೆ. ಕುಕ್ಕರ್ ಮೊದಲ ಹಂತಕ್ಕೆ ಆರಾಮಾಗಿ ಆಗುತ್ತದೆ: 150 ಮಿ.ಲೀ. ನೀರು ಕಡಿಮೆ ಹಾಕಿ ಐದು ಕೂಗು, ನಂತರ ಎಲ್ಲವನ್ನೂ ಬಾಣಲೆಗೆ ಸುರಿದು ನೀರು ಇಂಗಿಸುವುದು.

ತಿನ್ನಲು ಮೆಕ್ಕೆಜೋಳದ ತೆಳು ರೊಟ್ಟಿ, ತೊರ್ತಿಯಾ ಬೇಕು. ಅಂಗಡಿಯ ಮೆಕ್ಕೆಜೋಳದ ಹಿಟ್ಟು ತಂದು ಲಟ್ಟಿಸಲು ಹೋಗಿ ಕೈಸುಡಬೇಡಿ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ, ಅದರಿಂದಲೇ ಹಿಟ್ಟಿಗೆ ಅಂಟು. ಸಾದಾ ಹಿಟ್ಟು ಅಂಚಿನಿಂದ ಬಿರಿಯುತ್ತದೆ. ಇದಕ್ಕೆ ನಮ್ಮ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಬಹಳ ಚೆನ್ನಾಗಿ ಕೂಡುತ್ತದೆ. ಅನ್ನ ಮತ್ತು ಅಕ್ಕಿಹಿಟ್ಟು ಸೇರಿಸಿ ನಾದಿದ್ದರಿಂದ ಮಡಚಿದರೂ ಮುರಿಯುವುದಿಲ್ಲ. ಅಂಗೈ ಅಗಲಕ್ಕೆ, ದಿನಕ್ಕಿಂತ ತೆಳ್ಳಗೆ ಲಟ್ಟಿಸಿ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ, ಜಜ್ಜಿದ ಸೂಜಿಮೆಣಸು. ತೋಟದ ಬಟರ್‌ಫ್ರೂಟ್ ಇದ್ದರೆ ಹಿಸುಕಿ ಹಾಕಬಹುದು. ಆದರೆ ಕೆಲವು ಮರದ ಹಣ್ಣಿನಲ್ಲಿ ನೀರಂಶ ಜಾಸ್ತಿ, ಉಪ್ಪು, ನಿಂಬೆ ಬೆರೆಸಿ ಹತ್ತು ನಿಮಿಷ ಇಟ್ಟರೆ ಸೋರುತ್ತದೆ. ಊಟಕ್ಕೆ ಕೂತ ಮೇಲೆ ಹಿಸುಕಿ.

ಹೊಂಗ್ ಶಾವ್ ರೋ

ಹೆಸರಿನ ಅರ್ಥ ಕೆಂಪಗೆ ಬೇಯಿಸಿದ ಮಾಂಸ. ಹೊಟ್ಟೆಯ ಭಾಗವೇ ಬೇಕು, ಚರ್ಮ, ನೆಣ, ಮಾಂಸ ಪದರಪದರವಾಗಿ ಇರುವಂಥದ್ದು, ಮೂರು ಸೆಂಟಿಮೀಟರ್ ಚೌಕ. ತಣ್ಣೀರಿನಲ್ಲಿಟ್ಟು ಕುದಿ ಬರಿಸಿ, ಮೂರು ನಿಮಿಷ ಬಿಟ್ಟು, ನೊರೆ ಚೆಲ್ಲಿ ತೊಳೆಯಿರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 30 ಗ್ರಾಂ ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಜೇನಿನ ಬಣ್ಣಕ್ಕೆ ತಂದು, ಮಾಂಸ ಹಾಕಿ ಹೊರಳಿಸಿ. ತೆಳು ಸೋಯಾ 45 ಮಿ.ಲೀ., ಕಪ್ಪು ಸೋಯಾ 15 ಮಿ.ಲೀ., ಶುಂಠಿ ಐದು ಬಿಲ್ಲೆ, ಚಕ್ರಮೊಗ್ಗು ಎರಡು, 60 ಮಿ.ಲೀ. ವೈನ್, ಮುಳುಗುವಷ್ಟು ಬಿಸಿನೀರು. ಒಂದೂವರೆ ಗಂಟೆಯ ನಂತರ ರಸ ತುಂಡಿಗೆ ಅಂಟುವ ತನಕ ಇಳಿಸಿ.

ಸಕ್ಕರೆ ಜೇನಿನ ಬಣ್ಣದಿಂದ ಕಾಫಿ ಬಣ್ಣಕ್ಕೆ ಹೋಗಲು ಅರ್ಧ ನಿಮಿಷ ಸಾಕು, ಹೋದರೆ ಕಹಿ. ಆ ಸಕ್ಕರೆಗೆ ತಣ್ಣೀರು ಸುರಿದರೆ ಸಿಡಿಯುತ್ತದೆ, ಪಾಕ ಕಲ್ಲಾಗುತ್ತದೆ. ಚೀನಾದ ಅಕ್ಕಿ ವೈನ್ ಬದಲು ಮನೆಯ ವೈನ್ ಹಾಕಬಹುದು, ಆದರೆ ಕೊಡಗಿನ ಮನೆವೈನ್ ಸಿಹಿ, ಸಕ್ಕರೆಯನ್ನು ಅರ್ಧ ಮಾಡಿ. ಅಂಗಡಿಯಲ್ಲಿ ಬರೀ ಸೋಯಾ ಸಾಸ್ ಎಂದು ಸಿಗುವುದು ಹೆಚ್ಚಾಗಿ ಬಣ್ಣ ಕಟ್ಟಿದ ದಪ್ಪ ದ್ರವ. ಅದನ್ನೇ ಎರಡಕ್ಕೂ ಬಳಸಿದರೆ ಡಾಂಬರಿನಂತೆ ಕಪ್ಪಾಗುತ್ತದೆ. ಮಕ್ಕಳು ಇದನ್ನು ಬಾಚಿ ತಿನ್ನುತ್ತಾರೆ. ಮಾಂಸಕ್ಕೆ ಸಿಹಿಯೇ ಎಂದು ಹಿರಿಯರು ತಟ್ಟೆ ಸರಿಸುತ್ತಾರೆ. ಕುಕ್ಕರಿನಲ್ಲಿ ನೆಣದ ಪದರ ಕರಗಿ ಚೌಕ ಬಿಚ್ಚಿಕೊಳ್ಳುತ್ತದೆ, ಬೇಡ.

ಪೊರ್ಕೊಲ್ಟ್

ಹೊರಗಿನವರು ಗೂಲಾಷ್ ಎನ್ನುವುದು ಹೆಚ್ಚಾಗಿ ಇದನ್ನೇ. ಹಂಗೆರಿಯಲ್ಲಿ ಆ ಹೆಸರಿನದು ಸಾರಿನಂತೆ ತೆಳು, ಇದು ಗಟ್ಟಿ. ಒಂದು ಕೆ.ಜಿ. ಮಾಂಸಕ್ಕೆ ಅರ್ಧ ಕೆ.ಜಿ. ಈರುಳ್ಳಿ, ಸಣ್ಣಗೆ ಹೆಚ್ಚಿದ್ದು. ಮೂರು ದೊಡ್ಡ ಚಮಚ ನೆಣದಲ್ಲಿ ಇಪ್ಪತ್ತೈದು ನಿಮಿಷ ಬಾಡಿಸಬೇಕು, ಗ್ರೇವಿಗೆ ಬೇರೆ ದಪ್ಪ ಇಲ್ಲ, ಈರುಳ್ಳಿ ಕರಗಿಯೇ ಆಗಬೇಕು. ಪಾಪ್ರಿಕಾ ಬದಲು ಬೀಜ ತೆಗೆದ ಬ್ಯಾಡಗಿ ಮೆಣಸಿನ ಪುಡಿ 25 ಗ್ರಾಂ. ಬಣ್ಣದಲ್ಲಿ ಅದು ಪಾಪ್ರಿಕಾಗೆ ಸೋಲುವುದಿಲ್ಲ, ಸಿಹಿ ಸ್ವಲ್ಪ ಕಡಿಮೆ, ಖಾರ ಸ್ವಲ್ಪ ಜಾಸ್ತಿ. ಪಾತ್ರೆಯನ್ನು ಒಲೆಯಿಂದ ಇಳಿಸಿಯೇ ಪುಡಿ ಹಾಕಿ, ಹತ್ತು ಸೆಕೆಂಡ್ ತಿರುಗಿಸಿ, ತಕ್ಷಣ ಎರಡು ಚಮಚ ನೀರು. ಉರಿಯ ಮೇಲೆಯೇ ಹಾಕಿದರೆ ಪುಡಿ ಸೀದು ಕೆಂಪು ಹೋಗಿ ಇಟ್ಟಿಗೆ ಬಣ್ಣ, ಮೇಲೆ ಕಹಿ. ಆಮೇಲೆ ಮಾಂಸ, ಎರಡು ಚಮಚ ಉಪ್ಪು, ಅರ್ಧ ಚಮಚ ಶಾಜೀರಿಗೆ, ಒಂದು ಟೊಮೆಟೊ, ಒಂದು ದೊಣ್ಣೆಮೆಣಸಿನಕಾಯಿ. ನೀರು ಹಾಕದೆ ಮುಚ್ಚಿ, ಮಾಂಸ ಬಿಟ್ಟ ರಸದಲ್ಲೇ ಒಂದೂವರೆ ಗಂಟೆ, ತಳ ಹಿಡಿಯುವಂತಾದರೆ ಮಾತ್ರ ಒಂದು ಸೌಟು ಬಿಸಿನೀರು. ಕುಕ್ಕರಿಗೆ ನೀರು ಹಾಕಲೇಬೇಕು, ಹಾಕಿದರೆ ಇದು ಸಾರು.

ರುಚಿ ಕೆಟ್ಟದ್ದಲ್ಲ. ಆದರೆ ನಾಲ್ಕರಲ್ಲಿ ಹೊರದೇಶ ಅನ್ನಿಸದೇ ಇರುವುದು ಇದೊಂದೇ, ಮಸಾಲೆ ಹಾಕಲು ಮರೆತ ಕರಿಯಂತೆ ಕಾಣುತ್ತದೆ. ಧನಿಯಾ, ತೆಂಗಿನಕಾಯಿ ಎಲ್ಲಿ ಎಂದು ಮೇಜಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನೂಪುಟ್ಟಿಗೆ (ಅಕ್ಕಿ ಶಾವಿಗೆಗೆ) ಹಾಕಿಕೊಂಡರೆ ಆ ಕೆಂಪು ರಸ ಎಳೆಯೊಳಗೆ ಇಳಿದು ತಕ್ಕಮಟ್ಟಿಗೆ ಗೆಲ್ಲುತ್ತದೆ.

ಯಾವುದನ್ನು ಆರಿಸುವುದು

ವಾರದ ದಿನಕ್ಕೆ ಅಡೋಬೊ. ಪಾತ್ರೆಗೆ ಹಾಕಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಬಿಸಿ ಅನ್ನ ಸಾಕು, ಎರಡನೇ ದಿನ ಇನ್ನೂ ರುಚಿ. ಹುಳಿ, ಉಪ್ಪು ಎರಡೂ ಇರುವುದರಿಂದ ಫ್ರಿಜ್ಜಿನಲ್ಲಿ ಮೂರು ದಿನ ನಿಶ್ಚಿಂತೆ. ಮಳೆಗಾಲದಲ್ಲಿ ಕರೆಂಟು ಹೋಗುವ ದಿನಗಳಲ್ಲಿ ಬೆಳಗ್ಗೆ ಸಂಜೆ ಕುದಿಸಿಡಿ, ಪಂದಿಕರಿಗೆ ಮಾಡುವ ಹಾಗೆ. ನೆಂಟರು ಬಂದ ಭಾನುವಾರಕ್ಕೆ ಕಾರ್ನಿತಾಸ್, ಆದರೆ ಕೊನೆಯ ಅರ್ಧ ಗಂಟೆ ಒಲೆ ಬಿಟ್ಟು ಕದಲುವಂತಿಲ್ಲ, ಒಟ್ಟಿ ಸುಡಲು ಇನ್ನೊಬ್ಬರು ಬೇಕು. ಹೊಂಗ್ ಶಾವ್ ರೋ ಅನ್ನು ಅರ್ಧ ಕೆ.ಜಿ.ಯಲ್ಲೇ ಮಾಡಿ, ಎರಡು ತುಂಡಿನ ಮೇಲೆ ದೊಡ್ಡವರಿಗೆ ಸೇರುವುದಿಲ್ಲ. ಪೊರ್ಕೊಲ್ಟ್‌ಗೆ ಹಿಡಿಯುವ ಈರುಳ್ಳಿ, ಸಮಯ ನೋಡಿದರೆ ಪಂದಿಕರಿಯೇ ಮಾಡಬಹುದಿತ್ತು ಅನ್ನಿಸುತ್ತದೆ.

ಕಾರ್ನಿತಾಸ್ ಪಾತ್ರೆಯ ತಳದಲ್ಲಿ ಉಳಿದ ನೆಣವನ್ನು ಸೋಸಿ ಗಾಜಿನ ಬಾಟಲಿಗೆ ಹಾಕಿಡಿ. ಕಿತ್ತಳೆ, ಬೆಳ್ಳುಳ್ಳಿಯ ಪರಿಮಳ ಅದರಲ್ಲಿ ಇಳಿದಿರುತ್ತದೆ. ಮಾರನೆಯ ಬೆಳಗ್ಗೆ ಉಳಿದ ಕಡಂಬುಟ್ಟನ್ನು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆಯನ್ನು) ಎರಡು ಹೋಳು ಮಾಡಿ ಆ ನೆಣದಲ್ಲಿ ಒಂದು ಚಮಚ ಹಾಕಿ ಕಾವಲಿಯ ಮೇಲೆ ಕೆಂಪಗೆ ಹುರಿಯಿರಿ, ಉಪ್ಪು ಬೇರೆ ಹಾಕಬೇಕಿಲ್ಲ.