ಕ್ವಾಲಾಲಂಪುರದಲ್ಲೊಂದು ಡೋಲು ಸಂಜೆ: ಮೊದಲ ಒಂದು ಗಂಟೆಗಾದರೂ ಹೋಗಿ ಬನ್ನಿ

ಸೆಪ್ಟೆಂಬರ್ 16 ಇಲ್ಲಿ ಮಲೇಷಿಯಾ ದಿನ. 1963ರಲ್ಲಿ ಬೋರ್ನಿಯೋ ದ್ವೀಪದ ಸಬಾ, ಸರವಾಕ್ ಬಂದು ಮಲಯಾ ಜೊತೆ ಸೇರಿಕೊಂಡ ದಿನ. ಆ ವಾರ ಊರಲ್ಲಿ ಎಲ್ಲಿ ನೋಡಿದರೂ ಕಾರ್ಯಕ್ರಮ. ಮಲಯ್, ಚೀನೀ, ತಮಿಳು, ಬೋರ್ನಿಯೋ, ಎಲ್ಲರ ವಾದ್ಯಗಳೂ ಒಂದೇ ವೇದಿಕೆಯಲ್ಲಿ ಅಂತ ಪೋಸ್ಟರ್ ನೋಡಿ ಮಗಳನ್ನೂ ಕರೆದುಕೊಂಡು ಹೋದೆವು. ತಲೆಗೆ 60 ರಿಂಗಿಟ್. ನಿಜ ಹೇಳಬೇಕಂದ್ರೆ ನನಗೆ ಅಷ್ಟೇನೂ ಆಸೆ ಇರಲಿಲ್ಲ, ಇಂಥ ಕಡೆ ಬಣ್ಣದ ಬಟ್ಟೆ ಜಾಸ್ತಿ, ವಾದ್ಯ ಕಮ್ಮಿ ಅನ್ನೋದು ನನ್ನ ಅನುಭವ.

ಹೊರಗೆ ಜೋರು ಮಳೆ. ಬಾಗಿಲ ಪಕ್ಕ ಒಬ್ಬ ಹಿರಿಯರು ತಮ್ಮ ಕೊಂಪಾಂಗ್ ಸರಿ ಮಾಡಿಕೊಳ್ಳುತ್ತಾ ಕೂತಿದ್ದರು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಒಂದೇ ಕಡೆ ಮೇಕೆ ಚರ್ಮ, ನೋಡಲು ನಮ್ಮ ತಮಟೆಯ ತಮ್ಮನ ಹಾಗಿದೆ. ತೇವಕ್ಕೆ ಚರ್ಮ ಸಡಿಲ ಆಗುತ್ತದೆ ಅಲ್ವಾ, ತಮಟೆಯಾದರೆ ನಾವು ಬೆಂಕಿಗೆ ಹಿಡಿಯುತ್ತೇವೆ. ಇವರು ಒಂದು ಬೆತ್ತದ ಸುರುಳಿ ತೆಗೆದು ಚರ್ಮಕ್ಕೂ ಮರದ ಚೌಕಟ್ಟಿಗೂ ನಡುವೆ ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತುರುಕುತ್ತಾ ಹೋದರು. ಅದಕ್ಕೆ ಸೆಡಾಕ್ ಅನ್ನುತ್ತಾರಂತೆ. ಅರ್ಧ ಸುತ್ತು ಆಗುವಷ್ಟರಲ್ಲಿ ದಬ್ ದಬ್ ಅಂತಿದ್ದದ್ದು ಟಣ್ ಅನ್ನತೊಡಗಿತು. ಮಗಳ ಕೈಗೂ ಕೊಟ್ಟು ಬಾರಿಸಲು ಬಿಟ್ಟರು. ನನ್ನ ಲೆಕ್ಕದಲ್ಲಿ ಟಿಕೆಟ್ ದುಡ್ಡು ಅಲ್ಲೇ ವಸೂಲಾಯಿತು.

ಶುರುವಾದದ್ದು ನಲವತ್ತು ನಿಮಿಷ ತಡವಾಗಿ. ಭಾಷಣ, ಮತ್ತೆ ಭಾಷಣ. ಅದು ನಮ್ಮೂರಿನ ಹಾಗೇ ಬಿಡಿ.

ಮೊದಲು ಕೊಂಪಾಂಗ್. ಮಲಯ್ ಮದುವೆಯಲ್ಲಿ ಮದುಮಗನ ದಿಬ್ಬಣದ ಮುಂದೆ ಬಾರಿಸುವುದು ಇದನ್ನೇ. ಕೋಲಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಡಿಯುತ್ತಾರೆ. ಹನ್ನೆರಡು ಜನ ಸಾಲಾಗಿ ನಿಂತರು. ಒಬ್ಬೊಬ್ಬರನ್ನೇ ನೋಡಿದರೆ ಏನೂ ಇಲ್ಲ. ಒಬ್ಬ ನಾಲ್ಕು ಪೆಟ್ಟು ಹಾಕಿ ಸುಮ್ನೆ ಆಗುತ್ತಾನೆ, ಅವನು ಬಿಟ್ಟ ಸಂದಿಯಲ್ಲಿ ಪಕ್ಕದವನ ಪೆಟ್ಟು ಬೀಳುತ್ತದೆ, ಅವನು ಬಿಟ್ಟ ಸಂದಿಗೆ ಮೂರನೆಯವನದು. ಹೀಗೆ ನಡೆ ಏರುತ್ತಾ ಹೋದ ಹಾಗೆ ಯಾವ ಪೆಟ್ಟು ಯಾರದು ಅಂತ ಹುಡುಕೋದನ್ನೇ ಬಿಟ್ಟುಬಿಟ್ಟೆ. ಕಣ್ಣು ಮುಚ್ಚಿದರೆ ಒಬ್ಬನೇ ಬಾರಿಸಿದ ಹಾಗೆ ಕೇಳುತ್ತದೆ. ಇಡೀ ಸಂಜೆಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ.

ಆಮೇಲೆ ಬಂದದ್ದು 24 ಚೀನೀ ಡೋಲುಗಳು. ಸಾವಿರ ವರ್ಷದ ಹಳೆಯದು ಅಂದುಕೊಂಡಿದ್ದೆ. ನೋಡಿದರೆ 1988ರಲ್ಲಿ ಜೊಹೊರ್ ಬಾರುವಿನಲ್ಲಿ ತಾನ್ ಚಾಯ್ ಪುವಾನ್, ತಾನ್ ಹೂಯ್ ಸೊಂಗ್ ಅನ್ನುವ ಇಬ್ಬರು ಕಟ್ಟಿದ್ದು, ನನಗಿಂತ ಚಿಕ್ಕದು! ನಮ್ಮ ರೈತರಿಗೆ ಮಳೆ ನಕ್ಷತ್ರ ಇದ್ದ ಹಾಗೆ ಚೀನೀ ಪಂಚಾಂಗದಲ್ಲಿ ವರ್ಷಕ್ಕೆ 24 ಭಾಗ, ಒಂದೊಂದು ಡೋಲಿನ ಮೇಲೆ ಒಂದೊಂದರ ಹೆಸರನ್ನು ಕುಂಚದಲ್ಲಿ ಬರೆದಿದ್ದಾರೆ. 2009ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆ ಅಂತ ಸೇರಿಸಿಕೊಂಡಿದೆ. ಬಾರಿಸಿದವರೆಲ್ಲ ಶಾಲೆ ಹುಡುಗ ಹುಡುಗಿಯರು. ನಡುವೆ ಒಬ್ಬಳ ಕೋಲು ಹಾರಿ ನಮ್ಮ ಮುಂದಿನ ಸಾಲಿಗೆ ಬಿತ್ತು, ಅವಳು ಉಳಿದ ಒಂದೇ ಕೋಲಲ್ಲಿ ಮುಖದಲ್ಲಿ ಏನೂ ತೋರಿಸದೆ ಮುಗಿಸಿದಳು.

ತಮಿಳರ ಉರುಮಿ ಮೇಳ ಬಂದಾಗ ಹಿಂದಿನ ಸಾಲುಗಳಿಂದ ಸಿಳ್ಳೆ. ಮುರುಗನ ಹಬ್ಬ ತೈಪೂಸಂಗೆ ಇಲ್ಲಿನ ಬಾತು ಗುಹೆ ದೇವಸ್ಥಾನಕ್ಕೆ ಹೋದವರಿಗೆ ಈ ಸದ್ದು ಗೊತ್ತು. ನಮ್ಮಲ್ಲೂ ಉರುಮೆ ಇದೆಯಲ್ಲ, ಹಾಗೇನೇ, ಒಂದು ಬದಿಗೆ ಹೊಡೆಯುತ್ತಾ ಇನ್ನೊಂದು ಬದಿಯನ್ನು ಬಾಗಿದ ಕಡ್ಡಿಯಲ್ಲಿ ಉಜ್ಜಿದರೆ ಹುಲಿ ಗುರುಗುಟ್ಟಿದ ಹಾಗೆ. ಆದರೆ ಅದಕ್ಕೂ ಮೈಕ್ ಇಟ್ಟಿದ್ದರು! ಉರುಮಿಗೆ ಮೈಕ್ ಯಾಕೆ ಸ್ವಾಮಿ? ಮಗಳು ಕಿವಿ ಮುಚ್ಚಿಕೊಂಡು ನನ್ನ ತೊಡೆಗೆ ತಲೆ ಒತ್ತಿದಳು.

ಕೊನೆಯ ಅರ್ಧ ಗಂಟೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, ಹಿಂದೆ ರೆಕಾರ್ಡ್ ಮಾಡಿದ ಕೀಬೋರ್ಡ್ ಹಾಕಿ, ದೀಪ ಮಿನುಗಿಸಿ 'ಏಕತೆ' ಅಂತ ಒಂದು ಮಾಡಿದರು. ಸಬಾದ ಕುಲಿಂತಾಂಗನ್, ಸಾಲಾಗಿ ಇಟ್ಟ ಪುಟ್ಟ ಪುಟ್ಟ ಗಾಂಗ್‌ಗಳು, ಎಷ್ಟು ಚೆಂದದ ನಾದ ಅದರದ್ದು, ಆದರೆ ಆ ಗದ್ದಲದಲ್ಲಿ ಬಾರಿಸುವವಳ ಕೈ ಆಡಿದ್ದು ಕಂಡಿತೇ ಹೊರತು ಒಂದು ಸ್ವರವೂ ಕೇಳಲಿಲ್ಲ. ಕೆಲಾಂತಾನ್ ರಾಜ್ಯದ ದೊಡ್ಡ ಡೋಲು ರೆಬಾನಾ ಉಬಿ ಬಣ್ಣ ಬಳಿದುಕೊಂಡು ಮೂಲೆಯಲ್ಲಿ ಕೂತಿತ್ತು, ಅದಕ್ಕೆ ಸಿಕ್ಕಿದ್ದು ಎಣಿಸಿ ಆರು ಪೆಟ್ಟು. ಕೊಂಪಾಂಗ್‌ನವರಿಗೆ ಸಂದಿ ಬಿಟ್ಟು ಬಾರಿಸೋದು ಗೊತ್ತು, ಈ ಕೊನೆಯ ತುಂಡು ಕಟ್ಟಿದವರು ಅವರ ಹತ್ತಿರ ಒಂದು ವಾರ ಪಾಠ ಹೇಳಿಸಿಕೊಳ್ಳಬಹುದಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೋಗುವವರು ಅರ್ಧ ಗಂಟೆ ಮೊದಲೇ ಹೋಗಿ, ಬಾಗಿಲ ಹತ್ತಿರ ವಾದ್ಯದವರು ಸಿಗುತ್ತಾರೆ. ಮುಂದಿನ ಸಾಲಿನ 120 ರಿಂಗಿಟ್ ಟಿಕೆಟ್ ದಂಡ, ಅಲ್ಲಿ ಸ್ಪೀಕರ್ ಎದೆಗೇ ಗುದ್ದುತ್ತದೆ. ಮಕ್ಕಳಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಉರುಮಿ ಮುಗಿದ ಮೇಲೆ ಎದ್ದು ಬಂದರೂ ಏನೂ ನಷ್ಟ ಇಲ್ಲ.